ಹದಿನೈದು ದಿನಕ್ಕೊಮ್ಮೆ ಬರುವ ದವಾಖಾನೆ: ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರ ಗ್ರಾಮಸೇವೆಗಳ ವಿಮರ್ಶೆ

ಸೇಡಂ ತಾಲ್ಲೂಕಿನ ನಮ್ಮ ಊರಿನಲ್ಲಿ ಹತ್ತಿರದ ಸಿಮೆಂಟ್ ಕಾರ್ಖಾನೆಯೊಂದು ತನ್ನ ಸಾಮಾಜಿಕ ಹೊಣೆಗಾರಿಕೆಯ ಹಣದಿಂದ ಮೂರು ಸೇವೆಗಳನ್ನು ನಡೆಸುತ್ತಿದೆ. ಹದಿನೈದು ದಿನಕ್ಕೊಮ್ಮೆ ಬರುವ ಸಂಚಾರಿ ದವಾಖಾನೆ ಒಂದು, ಬಸ್ ನಿಲ್ದಾಣದ ಹಿಂದಿರುವ ಶುದ್ಧ ಕುಡಿಯುವ ನೀರಿನ ಘಟಕ ಇನ್ನೊಂದು, ಸಮುದಾಯ ಭವನದ ಕೋಣೆಯಲ್ಲಿ ನಡೆಯುವ ಹೊಲಿಗೆ ತರಬೇತಿ ಮೂರನೆಯದು. ಖಾನಾವಳಿಯ ರೊಟ್ಟಿ ದಪ್ಪವಾದರೆ ಬರೆಯುವ, ಮೊಬೈಲಿನ ಬ್ಯಾಟರಿ ಅರ್ಧ ತಾಸು ಮೊದಲೇ ಇಳಿದರೆ ಬರೆಯುವ ನಾವು, ಕಂಪನಿಗಳು ಊರಿಗೆ ಕೊಡುವ ಇಂಥ ಸೇವೆಗಳನ್ನು ಬಳಸಿ ನೋಡಿ ಬರೆದದ್ದು ನನಗೆ ಎಲ್ಲಿಯೂ ಕಂಡಿಲ್ಲ. ಪತ್ರಿಕೆಯಲ್ಲಿ ಬರುವುದು ಉದ್ಘಾಟನೆಯ ಫೋಟೊ, ಅದು ಬಿಟ್ಟರೆ ಗೇಟಿನ ಮುಂದಿನ ಧರಣಿಯ ಸುದ್ದಿ. ಕಂಪನಿಯ ಹೆಸರನ್ನೂ ಊರಿನ ಹೆಸರನ್ನೂ ಇಲ್ಲಿ ಬರೆಯುತ್ತಿಲ್ಲ. ವಾಹನದಲ್ಲಿ ಬರುವ ವೈದ್ಯೆ, ದಾದಿ, ಚಾಲಕ ಮೂವರೂ ಒಂದು ಸಂಸ್ಥೆಯ ಮೂಲಕ ವರ್ಷದ ಕರಾರಿನ ಮೇಲೆ ದುಡಿಯುವವರು. ನನ್ನ ಆಕ್ಷೇಪಣೆಯ ಭಾರ ಅವರ ಮೇಲೆ ಬೀಳುವುದು ನನಗೆ ಬೇಡ.

ಮೊದಲು ದವಾಖಾನೆಯ ಗಾಡಿ. ಅದು ಬುಧವಾರ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಹನುಮಂತ ದೇವರ ಗುಡಿಯ ಮುಂದಿನ ಬೇವಿನ ಮರದ ಕೆಳಗೆ ನಿಲ್ಲುತ್ತದೆ, ಹನ್ನೆರಡೂವರೆಗೆ ಹೊರಡುತ್ತದೆ. ಒಳಗೆ ಒಂದು ಹಾಸಿಗೆ, ಔಷಧದ ಕಪಾಟು, ರಕ್ತದೊತ್ತಡ ನೋಡುವ ಯಂತ್ರ, ಬೆರಳ ತುದಿಯ ರಕ್ತದಲ್ಲಿ ಸಕ್ಕರೆ ನೋಡುವ ಪಟ್ಟಿಗಳು, ತೂಕದ ಯಂತ್ರ ಇವೆ. ಹಣ ಕೇಳುವುದಿಲ್ಲ. ಆಧಾರ್ ಸಂಖ್ಯೆ ಬರೆದುಕೊಳ್ಳುತ್ತಾರೆ, ತಂದಿರದಿದ್ದರೆ ಹಿಂದಕ್ಕೆ ಕಳಿಸುವುದಿಲ್ಲ. ಇಲ್ಲಿಯ ವೈದ್ಯೆ ಕಲಬುರಗಿಯವರೇ ಆದ ಕಾರಣ ಮಾತಿಗೆ ದುಭಾಷಿ ಬೇಕಾಗುವುದಿಲ್ಲ ಎಂಬುದು ಚಿಕ್ಕ ಸಂಗತಿಯಲ್ಲ. ಕಾರ್ಖಾನೆಯ ಕಾಲೊನಿಯ ದವಾಖಾನೆಗಳಲ್ಲಿ ಹಿಂದಿಯಲ್ಲಿ ನೋವು ಹೇಳಲು ತಡವರಿಸಿದ ಹೆಂಗಸರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ನಮ್ಮ ಅತ್ತೆಯವರು ಹಲವು ವರ್ಷಗಳಿಂದ ಬಿಪಿಯ ಮಾತ್ರೆ ನುಂಗುವವರು, ಅವರ ತೀರ್ಪು ಒಂದೇ ಸಾಲಿನದು: "ಡಾಕ್ಟರ್ ಬಾಯಿ ಛಲೋ ಅದಾಳವ್ವಾ, ಹೇಳಿದ್ದು ಪೂರಾ ಕೇಳ್ತಾಳ." ಎರಡು ತಾಸಿನಲ್ಲಿ ನಲವತ್ತೈವತ್ತು ಮಂದಿಯನ್ನು ನೋಡಬೇಕಾದ ವೈದ್ಯೆಯೊಬ್ಬರು ಹೇಳಿದ್ದನ್ನು ಪೂರಾ ಕೇಳುತ್ತಾರೆಂದರೆ ಅದು ಅವರ ಸ್ವಂತ ಗುಣ, ಕಂಪನಿಯ ಯೋಜನೆಯ ಫಲವಲ್ಲ.

ಯೋಜನೆಯ ಫಲ ಎಲ್ಲಿ ಕಾಣುತ್ತದೆಂದರೆ ಮಾತ್ರೆಯ ಲೆಕ್ಕದಲ್ಲಿ. ಗಾಡಿ ಬರುವುದು ಹದಿನೈದು ದಿನಕ್ಕೊಮ್ಮೆ; ಬಿಪಿ ಮತ್ತು ಸಕ್ಕರೆ ಕಾಯಿಲೆಯವರಿಗೆ ಅಮ್ಲೋಡಿಪಿನ್, ಮೆಟ್‌ಫಾರ್ಮಿನ್ ಮಾತ್ರೆಗಳನ್ನು ಕೊಡುವುದು ಹತ್ತು ದಿನಕ್ಕೆ. ಉಳಿದ ದಿನಗಳಲ್ಲಿ ಏನು ಮಾಡಬೇಕು ಎಂದು ಕೇಳಿದರೆ, ಊರಿಗೆ ಇಷ್ಟು ಔಷಧ ಎಂದು ನಿಗದಿಯಾಗಿದೆ, ಎಲ್ಲರಿಗೂ ಮುಟ್ಟಬೇಕಲ್ಲ ಎಂದು ದಾದಿ ಸೌಜನ್ಯದಿಂದಲೇ ಹೇಳುತ್ತಾರೆ. ಜ್ವರಕ್ಕೂ ಮೈಕೈ ನೋವಿಗೂ ಈ ಹಂಚಿಕೆ ಸರಿ. ದಿನವೂ ತಪ್ಪದೆ ನುಂಗಬೇಕಾದ ಮಾತ್ರೆಯಲ್ಲಿ ಐದು ದಿನದ ಖಾಲಿಯನ್ನು ಯೋಜನೆಯೊಳಗೇ ಇಟ್ಟುಕೊಂಡ ಸೇವೆಯನ್ನು ಆರೋಗ್ಯಸೇವೆ ಎಂದು ಕರೆಯುವುದು ಕಷ್ಟ. ಮಾತ್ರೆ ತೀರಿದ ಮೇಲೆ ತಲೆ ಭಾರವಾಗುವುದಿಲ್ಲ, ಕಣ್ಣು ಮಂಜಾಗುವುದಿಲ್ಲ, ಆದ್ದರಿಂದ ಮುದುಕರು ಮುಂದಿನ ಬುಧವಾರದವರೆಗೆ ಸುಮ್ಮನಿರುತ್ತಾರೆ. ರಕ್ತದೊತ್ತಡ ಮಾತ್ರ ಸುಮ್ಮನಿರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದೇ ಮಾತ್ರೆಗಳು ಉಚಿತವಾಗಿ ಸಿಗಬೇಕಾದವು. ಗಾಡಿಯವರು ಒಂದು ಚೀಟಿ ಬರೆದು ಆಶಾ ಕಾರ್ಯಕರ್ತೆಯ ಕೈಗೆ ಕೊಟ್ಟರೆ ಉಳಿದ ಮಾತ್ರೆಗಳನ್ನು ಅಲ್ಲಿಂದ ತರಿಸುವುದು ದೊಡ್ಡ ಕೆಲಸವಲ್ಲ. ಆದರೆ ಗಾಡಿಯ ರಿಜಿಸ್ಟರು ಗಾಡಿಯಲ್ಲೇ ಉಳಿಯುತ್ತದೆ, ಆರೋಗ್ಯ ಕೇಂದ್ರದ ದಾಖಲೆ ಕೇಂದ್ರದಲ್ಲೇ ಇರುತ್ತದೆ. ರೋಗಿ ಎರಡೂ ಕಡೆ ಹೊಸಬನಾಗಿಯೇ ಸಾಲಿನಲ್ಲಿ ನಿಲ್ಲುತ್ತಾನೆ.

ಇನ್ನು ಕೆಮ್ಮಿನ ಮಾತು. ಸುಣ್ಣದ ಕಲ್ಲಿನ ಗಣಿ, ಸಿಮೆಂಟಾಗುವ ಮೊದಲಿನ ಸುಟ್ಟ ಉಂಡೆಗಳಾದ ಕ್ಲಿಂಕರಿನ ರಾಶಿ, ಪ್ಯಾಕಿಂಗ್ ವಿಭಾಗ, ಟಿಪ್ಪರುಗಳ ರಸ್ತೆ ಇವೆಲ್ಲವುಗಳ ನಡುವಿನ ಊರಿಗೆ ಬರುವ ದವಾಖಾನೆಯಲ್ಲಿ ಶ್ವಾಸಕೋಶದ ಶಕ್ತಿ ಅಳೆಯುವ ಸಾಧನ ಇಲ್ಲ. ದೊಡ್ಡ ಯಂತ್ರವೇ ಬೇಕೆಂದಿಲ್ಲ. ಬಾಯಲ್ಲಿಟ್ಟು ಜೋರಾಗಿ ಊದಿ ನೋಡುವ ಪೀಕ್ ಫ್ಲೋ ಮೀಟರು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬೆಲೆಯೂ ಹೆಚ್ಚಿನದಲ್ಲ. ಕೆಮ್ಮೆಂದು ಬಂದವರಿಗೆ ಸಿಗುವುದು ಸಿರಪ್ಪು. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು ಎಂಬುದು ಕ್ಷಯರೋಗ ನಿಯಂತ್ರಣದ ಮೊದಲ ಪಾಠ, ಆ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಕಲ್ಲಿನ ಸಿಲಿಕಾ ದೂಳಿನಲ್ಲಿ ಬಹುಕಾಲ ದುಡಿದವರಿಗೆ ಕ್ಷಯದ ಅಪಾಯ ಹೆಚ್ಚು ಎಂಬುದೂ ವೈದ್ಯರಿಗೆ ತಿಳಿದ ವಿಷಯ. ಶಹಾಬಾದ ಕಡೆಯ ಫರಸಿ ಕಲ್ಲಿನ ಖಣಿಗಳಲ್ಲಿ ಹರೆಯ ಕಳೆದು ಬಂದ ಗಂಡಸರು ನಮ್ಮ ಊರಿನಲ್ಲೂ ಇದ್ದಾರೆ. ನೀವು ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ಗಾಡಿಯಲ್ಲಿ ಯಾರೂ ಕೇಳುವುದಿಲ್ಲ, ಕೇಳಿ ಬರೆಯಲು ರಿಜಿಸ್ಟರಿನಲ್ಲಿ ಅಂಕಣವೂ ಇಲ್ಲ. ಉದ್ಯಮವೊಂದು ತನ್ನ ಸುತ್ತಲಿನ ಊರುಗಳಿಗೆ ದವಾಖಾನೆ ಕಳಿಸುವಾಗ, ಆ ಉದ್ಯಮದಿಂದಲೇ ಬರಬಹುದಾದ ರೋಗಗಳನ್ನು ಬಿಟ್ಟು ಉಳಿದೆಲ್ಲ ರೋಗಗಳಿಗೆ ಔಷಧ ಇಟ್ಟರೆ ಜನ ಏನೆಂದುಕೊಳ್ಳಬೇಕು?

ಸಮಯದ ಬಗ್ಗೆಯೂ ಒಂದು ಮಾತು. ಬೆಳಿಗ್ಗೆ ಹತ್ತೂವರೆಗೆ ಊರಿನಲ್ಲಿ ಇರುವವರು ಮುದುಕರು, ಬಾಣಂತಿಯರು, ಅಂಗನವಾಡಿಯ ಮಕ್ಕಳು. ತೊಗರಿಯ ಹಂಗಾಮಿನಲ್ಲಿ ಕೂಲಿಯ ಹೆಂಗಸರು ಎಂಟೂವರೆಗೆಲ್ಲ ಟಂಟಂ ಹತ್ತಿ ಹೊಲಕ್ಕೆ ಹೋಗಿರುತ್ತಾರೆ. ಕಾರ್ಖಾನೆಯ ಬೆಳಗಿನ ಪಾಳಿಯವರು ಗೇಟಿನೊಳಗಿರುತ್ತಾರೆ, ರಾತ್ರಿ ಪಾಳಿಯವರು ಮಲಗಿರುತ್ತಾರೆ. ಓಣಿಯ ಒಬ್ಬ ಹೆಣ್ಣುಮಗಳನ್ನು ಗಾಡಿಗೆ ಯಾಕೆ ಹೋಗುವುದಿಲ್ಲವೆಂದು ಕೇಳಿದೆ. "ಗಾಡಿ ಬರ್ತದ ಅಕ್ಕ, ಆದ್ರ ಅದು ಬರೋ ಹೊತ್ತಿಗಿ ನಾ ಹೊಲದಾಗ ಇರ್ತೀನಿ. ಒಂದಿನದ ಕೂಲಿ ಬಿಟ್ಟು ನಾಕು ಗುಳಿಗಿ ತೊಗೊಳ್ಳಾದ್ಯಾಕ?" ಎಂದಳು. ಅವಳ ಲೆಕ್ಕ ಸರಿಯಾಗಿಯೇ ಇದೆ. ತಿಂಗಳಿಗೆ ಎರಡು ಬಾರಿ ಬರುವ ಗಾಡಿ ಅದರಲ್ಲಿ ಒಮ್ಮೆಯಾದರೂ ಸಂಜೆ ಆರರಿಂದ ಎಂಟರವರೆಗೆ ನಿಂತರೆ ದುಡಿಯುವ ಅರ್ಧ ಊರು ಅದಕ್ಕೆ ಸಿಗುತ್ತದೆ. ಇಷ್ಟೆಲ್ಲ ಇದ್ದರೂ ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಅದರಲ್ಲಿ ದೊಡ್ಡ ಪಾಲು ಆ ವೈದ್ಯೆಗೆ.

ನೀರಿನ ಘಟಕದ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ಏಕೆಂದರೆ ಅದು ಕೆಲಸ ಮಾಡುತ್ತದೆ. ಐದು ರೂಪಾಯಿಯ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನ್ ತುಂಬುತ್ತದೆ. ಸುಣ್ಣದ ಕಲ್ಲಿನ ನೆಲದ ಕೊಳವೆಬಾವಿ ನೀರು ಎಷ್ಟು ಗಡುಸೆಂದರೆ ಬೇಳೆ ಬೇಯುವುದಿಲ್ಲ, ಹಂಡೆಯ ಒಳಗೆ ಬಿಳಿ ಪದರ ಕಟ್ಟುತ್ತದೆ. ಘಟಕದ ನೀರಿನಲ್ಲಿ ನಮ್ಮ ತೊಗರಿ ಬೇಳೆ ತನ್ನ ಹೆಸರಿಗೆ ತಕ್ಕಂತೆ ಬೇಯುತ್ತದೆ. 2019ರಲ್ಲಿ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಪಡೆದ ಕಲಬುರಗಿ ತೊಗರಿಯನ್ನು ಬೆಳೆಯುವ ಊರಿನಲ್ಲೇ ಅದು ಬೇಯಲು ಐದು ರೂಪಾಯಿ ಕೊಡಬೇಕಾಗಿರುವುದು ಬೇರೆ ಮಾತು. ಶುದ್ಧೀಕರಣದಲ್ಲಿ ಉಳಿಯುವ ಉಪ್ಪಿನ ನೀರನ್ನು ನೇರ ಚರಂಡಿಗೆ ಬಿಡುತ್ತಿರುವುದು ಒಂದು ಕೊರತೆ, ಅದನ್ನು ತೊಟ್ಟಿಯಲ್ಲಿ ಹಿಡಿದರೆ ಶೌಚಾಲಯಕ್ಕೆ ಬಳಸಬಹುದು. ಫಿಲ್ಟರ್ ಬದಲಿಸಿದ ದಿನಾಂಕವನ್ನು ಗೋಡೆಯ ಮೇಲೆ ಬರೆಯಬೇಕು. ಐದರಲ್ಲಿ ನಾಲ್ಕು.

ಹೊಲಿಗೆ ತರಬೇತಿಯ ಮಾತಿಗೆ ಬಂದರೆ, ಮದುವೆ ಮನೆಯಾಗಲಿ ಸಭೆಯಾಗಲಿ ಬೆಳಗಿನ ನಾಷ್ಟಾಕ್ಕೆ ಉಪ್ಪಿಟ್ಟು ತಪ್ಪದಂತೆ, ಯಾವ ಕಂಪನಿಯ ಸಾಮಾಜಿಕ ಹೊಣೆಯ ಪಟ್ಟಿಯನ್ನು ತೆರೆದರೂ ಹೊಲಿಗೆ ಯಂತ್ರ ತಪ್ಪುವುದಿಲ್ಲ. ಮೂರು ತಿಂಗಳ ತರಬೇತಿ, ಕೊನೆಗೆ ಪ್ರಮಾಣಪತ್ರ, ಜೊತೆಗೆ ಅತಿಥಿಗಳ ಭಾಷಣ. ಕಲಿಸುವ ಅಕ್ಕ ಶ್ರದ್ಧೆಯವಳು, ಬ್ಲೌಸಿನ ಕಟಿಂಗ್ ಚೆನ್ನಾಗಿ ಹೇಳಿಕೊಡುತ್ತಾಳೆ. ಆದರೆ ಇಷ್ಟು ಚಿಕ್ಕ ಊರಿನಲ್ಲಿ ಎಷ್ಟು ಬ್ಲೌಸು ಹೊಲಿಯಲು ಸಿಕ್ಕಾವು? ಅದೇ ಕಾರ್ಖಾನೆಯ ಕಾರ್ಮಿಕರ ಸಮವಸ್ತ್ರ ಎಲ್ಲಿಂದಲೋ ಲಾರಿಯಲ್ಲಿ ಬರುತ್ತದೆ. ಆ ಆರ್ಡರಿನ ಕಾಲು ಭಾಗವನ್ನು ಕಲಿತ ಹೆಣ್ಣುಮಕ್ಕಳ ಸ್ವಸಹಾಯ ಸಂಘಕ್ಕೆ ಕೊಟ್ಟರೆ ಪ್ರಮಾಣಪತ್ರಕ್ಕೊಂದು ಬೆಲೆ ಬರುತ್ತದೆ. ಸದ್ಯಕ್ಕೆ ಎರಡು ಅಂಕ.

ಇಷ್ಟು ಬರೆಯುವಾಗಲೇ ಕೆಲವರ ಮಾತು ಕಿವಿಗೆ ಬೀಳುತ್ತದೆ: ಪುಕ್ಕಟೆ ಕೊಟ್ಟದ್ದಕ್ಕೆ ಹೆಸರಿಡುವುದೇ? ನಮ್ಮ ಊರಿನ ಹಿರಿಯರೂ ಹೀಗೆಯೇ ಹೇಳುತ್ತಾರೆ. ಅದಕ್ಕೆ ಉತ್ತರ ಕಾನೂನಿನಲ್ಲಿಯೇ ಇದೆ. 2013ರ ಕಂಪನಿ ಕಾಯ್ದೆಯ 135ನೇ ಕಲಮು 2014ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಹಿಂದಿನ ಆರ್ಥಿಕ ವರ್ಷದಲ್ಲಿ 500 ಕೋಟಿ ರೂಪಾಯಿ ನಿವ್ವಳ ಮೌಲ್ಯವೋ, 1000 ಕೋಟಿ ವಹಿವಾಟೋ, 5 ಕೋಟಿ ನಿವ್ವಳ ಲಾಭವೋ ಇದ್ದ ಕಂಪನಿ, ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡಬೇಕು. ತಾನು ಕೆಲಸ ನಡೆಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಖರ್ಚಾಗದೆ ಉಳಿದ ಹಣ ಕಂಪನಿಯ ಜೇಬಿಗೆ ಮರಳುವಂತಿಲ್ಲ. ನಡೆಯುತ್ತಿರುವ ಯೋಜನೆಯದಾದರೆ ಪ್ರತ್ಯೇಕ ಖಾತೆಗೆ, ಅಲ್ಲದಿದ್ದರೆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಹೇಳಿದ ನಿಧಿಗೆ ಹೋಗಬೇಕು. ಬೇರೆ ಕಾನೂನಿನಂತೆ ಹೇಗೂ ಮಾಡಲೇಬೇಕಾದ ಕೆಲಸವನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲ. ಹೀಗಿರುವಾಗ ಗುಡಿಯ ಮುಂದೆ ನಿಲ್ಲುವ ಗಾಡಿ ಯಾರ ದಾನವೂ ಅಲ್ಲ. ದಾನವಲ್ಲದ ಸೇವೆಯನ್ನು, ಹಣ ಕೊಟ್ಟು ಕೊಂಡ ಸೇವೆಯನ್ನು ಅಳೆಯುವಂತೆಯೇ ಅಳೆಯಬಹುದು.

ಈ ತಿಳಿವಳಿಕೆ ಬಂದಿದ್ದರೆ ಫೋಟೊ ತೆಗೆಯುವ ರೀತಿಯೂ ಬದಲಾಗುತ್ತಿತ್ತೇನೋ. ಔಷಧ ಪಡೆದವರು ಕಂಪನಿಯ ಬ್ಯಾನರಿನ ಮುಂದೆ ಮಾತ್ರೆಯ ಪೊಟ್ಟಣ ಹಿಡಿದು ನಿಲ್ಲಬೇಕು, ಜೊತೆಗಿರುವ ಹುಡುಗ ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾನೆ. ಮೇಲಿನವರಿಗೆ ಸಾಕ್ಷಿ ಕಳಿಸಬೇಕು, ಇಲ್ಲದಿದ್ದರೆ ಬಿಲ್ಲು ಪಾಸಾಗುವುದಿಲ್ಲ ಎಂಬುದು ಅವನ ಕಷ್ಟ. ಅದು ನಿಜವೂ ಇರಬಹುದು. ಆದರೆ ಮೈಯ ಬೇನೆ ತೋರಿಸಲು ಬಂದ ಹೆಂಗಸೊಬ್ಬಳು ಸೆರಗನ್ನು ಮುಖಕ್ಕೆ ಎಳೆದುಕೊಂಡು ನಿಂತದ್ದನ್ನು ನೋಡಿದ ಮೇಲೆ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಸಾಕ್ಷಿಗೆ ಸಾಲದೇ ಎಂದು ಕೇಳದೆ ಇರಲಾಗಲಿಲ್ಲ. ಗಾಡಿಯಲ್ಲಿ ಎಷ್ಟು ಮಂದಿ ಬಂದರು ಎಂಬುದನ್ನು ಇವರು ಎಣಿಸುತ್ತಾರೆ. ಎಷ್ಟು ಮಂದಿಯ ರಕ್ತದೊತ್ತಡ ಆರು ತಿಂಗಳ ನಂತರ ಹತೋಟಿಯಲ್ಲಿದೆ ಎಂಬುದನ್ನು ಎಣಿಸಿದ್ದರೆ ಫೋಟೊದ ಅಗತ್ಯವೇ ಬೀಳುತ್ತಿರಲಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಊರಿಗೆ ಸಂಬಂಧಿಸಿದ ಹೊಣೆ. ಕಾರ್ಮಿಕರಿಗೆ ಸಂಬಂಧಿಸಿದ ಹೊಣೆ ಬೇರೆಯದು. ಈ ಸೇವೆಯ ದೊಡ್ಡ ಬಿರುಕು ಇರುವುದು ಇವೆರಡರ ನಡುವೆ ಎಂಬುದು ನನ್ನ ಅಭಿಪ್ರಾಯ. ಕೇವಲ ತನ್ನ ನೌಕರರಿಗೆ ಲಾಭವಾಗುವ ಕೆಲಸವನ್ನು ಕಂಪನಿ ಶೇಕಡಾ 2ರ ಲೆಕ್ಕದಲ್ಲಿ ತೋರಿಸುವಂತಿಲ್ಲ ಎಂದು ನಿಯಮ ಹೇಳುತ್ತದೆ, ಹೇಳುವುದು ಸರಿಯಾಗಿಯೂ ಇದೆ, ಏಕೆಂದರೆ ನೌಕರರಿಗೆ ಕೊಡಬೇಕಾದದ್ದನ್ನು ಲಾಭದ ಮಿಗುತೆಯಿಂದ ಕೊಡುವ ಮಾತೇ ಬರುವುದಿಲ್ಲ. ಅದು ಸಂಬಳ, ವಿಮೆ, ಭವಿಷ್ಯನಿಧಿ, ಸುರಕ್ಷತೆಯ ರೂಪದಲ್ಲಿ ಲಾಭದ ಲೆಕ್ಕ ಹಾಕುವ ಮೊದಲೇ ಕೊಟ್ಟಿರಬೇಕಾದದ್ದು. ಆದರೆ ಊರು ಮತ್ತು ಕಾರ್ಖಾನೆ ಕಾಗದದಲ್ಲಿ ಬೇರೆಯಾದಷ್ಟು ನೆಲದ ಮೇಲೆ ಬೇರೆಯಾಗಿಲ್ಲ. ಗಾಡಿಯ ಮುಂದೆ ನಿಂತ ಮುದುಕಿಯ ಮಗ ಅದೇ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಗುತ್ತೇದಾರನ ಕೈಕೆಳಗೆ ಚೀಲ ಹೊರುತ್ತಿರುತ್ತಾನೆ. ತಾಯಿಗೆ ಕಂಪನಿಯ ಮಾತ್ರೆ ಸಿಗುತ್ತದೆ. ಮಗ ಕಂಪನಿಯವನೂ ಅಲ್ಲ, ಗಾಡಿಯ ಹೊತ್ತಿಗೆ ಊರಿನವನೂ ಅಲ್ಲ.

ಆ ಮಗನ ಸಂಬಳದಿಂದ ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆ ಎಂದು ಹಣ ಕಡಿಯುತ್ತಾರೆ. ತಿಂಗಳ ವೇತನ 21,000 ರೂಪಾಯಿಯ ಒಳಗಿದ್ದವರಿಗೆ ಈ ವಿಮೆ ಅನ್ವಯಿಸುತ್ತದೆ. 2019ರ ಜುಲೈನಿಂದ ಕಾರ್ಮಿಕನ ಪಾಲು ಶೇಕಡಾ 0.75, ಮಾಲೀಕನ ಪಾಲು ಶೇಕಡಾ 3.25. ತಿಂಗಳಿಗೆ 16,000 ರೂಪಾಯಿ ದುಡಿಯುವವನ ಕೈಯಿಂದ ಹೋಗುವುದು 120 ರೂಪಾಯಿ, ಮಾಲೀಕನ ಕಡೆಯಿಂದ ಸೇರಬೇಕಾದದ್ದು 520 ರೂಪಾಯಿ. ಈ 640 ರೂಪಾಯಿಗೆ ಪ್ರತಿಯಾಗಿ ಅವನಿಗೂ ಅವನ ಅವಲಂಬಿತ ಕುಟುಂಬಕ್ಕೂ ಚಿಕಿತ್ಸೆ ಸಿಗಬೇಕು. ಕಾಯಿಲೆಯಿಂದ ಕೆಲಸ ತಪ್ಪಿದರೆ, ಅರ್ಹತೆಯ ಷರತ್ತಿಗೆ ಒಳಪಟ್ಟು, ವರ್ಷದಲ್ಲಿ 91 ದಿನಗಳವರೆಗೆ ವೇತನದ ಶೇಕಡಾ 70ರಷ್ಟು ನಗದು ಸಿಗಬೇಕು. ನಮ್ಮ ಕಡೆಯವರಿಗೆ ಇದು ದೂರದ ಮಾತಲ್ಲ. ಸೇಡಂನಿಂದ ಕಲಬುರಗಿಗೆ ಹೋಗುವ ರಸ್ತೆಯಲ್ಲಿಯೇ ಇಎಸ್ಐ ನಿಗಮದ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ಬಸ್ಸಿನ ಕಿಟಕಿಯಿಂದ ಆ ವಿಸ್ತಾರವಾದ ಕಟ್ಟಡವನ್ನು ದಿನವೂ ನೋಡುವ ನೂರಾರು ಗುತ್ತಿಗೆ ಕಾರ್ಮಿಕರಲ್ಲಿ, ತಾವು ಅದರೊಳಗೆ ಹಕ್ಕಿನಿಂದ ಹೋಗಬಹುದು ಎಂದು ತಿಳಿದವರು ಎಷ್ಟು ಮಂದಿ ಎಂಬುದೇ ನನ್ನ ಚಿಂತೆ. ನಮ್ಮ ಓಣಿಯ ಹುಡುಗನೊಬ್ಬ ಬೆನ್ನು ನೋವಿಗೆ ಖಾಸಗಿ ಆಸ್ಪತ್ರೆಯಲ್ಲಿ ಬಡ್ಡಿಯ ಹಣ ಸುರಿದು ಬಂದ ಮೇಲೆ, ನಿನ್ನ ವಿಮಾ ಸಂಖ್ಯೆ ಏನೆಂದು ಕೇಳಿದರೆ, "ಅದು ಗುತ್ತೇದಾರನ ಹಂತ್ಯಾಕ ಇರ್ತದ್ರಿ" ಎಂದ. ಸಂಖ್ಯೆ ಇರಬೇಕಾದದ್ದು ಅವನ ಕೈಯಲ್ಲಿ.

ಗಾಡಿಯ ವೈದ್ಯೆ ಅಥವಾ ದಾದಿ, ಬಂದ ಪ್ರತಿಯೊಬ್ಬರಿಗೂ "ನಿಮ್ಮ ಮನ್ಯಾಗ ಕಾರ್ಖಾನಿ ಕೆಲಸಕ್ಕ ಹೋಗೋರು ಅದಾರೇನ್ರಿ? ಇಎಸ್ಐ ನಂಬರ್ ಅದ ಏನ್ರಿ?" ಎಂದು ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಅವಲಂಬಿತ ತಾಯಿಗೂ ಆ ಆಸ್ಪತ್ರೆಯ ಬಾಗಿಲು ತೆರೆದಿರಬಹುದು. ಆಗ ಹತ್ತು ದಿನದ ಮಾತ್ರೆಯ ಲೆಕ್ಕವೂ ಬೇಕಾಗುವುದಿಲ್ಲ. ಗುತ್ತೇದಾರ ಹಣ ಕಟ್ಟಿದ್ದಾನೋ ಇಲ್ಲವೋ ಎಂಬುದೂ ಈ ಪ್ರಶ್ನೆಯಿಂದಲೇ ಹೊರಬೀಳುತ್ತದೆ. ಪ್ರಶ್ನೆ ಇನ್ನೂ ಪಟ್ಟಿಯಲ್ಲಿ ಸೇರದಿರುವುದಕ್ಕೆ ಅದೂ ಒಂದು ಕಾರಣವಿರಬಹುದೇ ಎಂದು ಅನುಮಾನಿಸುವುದು ಅನ್ಯಾಯವೆನಿಸಿದರೆ ಕಂಪನಿ ಪ್ರಶ್ನೆಯನ್ನು ಸೇರಿಸಿ ತೋರಿಸಲಿ. ಗುತ್ತೇದಾರನ ಮೇಲೆ ಬೆರಳು ತೋರಿಸಿ ಕೈತೊಳೆದುಕೊಳ್ಳಲು ಕಾನೂನು ಹಿಂದೆಯೂ ಬಿಟ್ಟಿರಲಿಲ್ಲ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲಿ, ಗುತ್ತೇದಾರ ಕೂಲಿ ಕೊಡದಿದ್ದರೆ ಅದನ್ನು ಕೊಡುವ ಹೊಣೆ ಮುಖ್ಯ ಮಾಲೀಕನದು, ಅಂದರೆ ಕೆಲಸ ಮಾಡಿಸಿಕೊಳ್ಳುವ ಕಂಪನಿಯದು ಎಂದಿತ್ತು. 2025ರ ನವೆಂಬರ್ 21ರಂದು ಹಳೆಯ ಕಾರ್ಮಿಕ ಕಾಯ್ದೆಗಳ ಬದಲಿಗೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದ ಮೇಲೂ ಆ ತತ್ವ ಉಳಿದುಕೊಂಡಿದೆ.

ಗಣಿಯ ಕೆಲಸಗಾರರದು ಇನ್ನೂ ಒಂದು ಕವಲು. ಆ ಸಂಹಿತೆಗಳು ಬರುವ ಮೊದಲು ಗಣಿಗಳ ಕಾಯ್ದೆಯ ಕೆಳಗೆ ಬರುವ ಸ್ಥಳವನ್ನು ಇಎಸ್ಐ ಕಾಯ್ದೆ ಕಾರ್ಖಾನೆಯೆಂದು ಎಣಿಸುತ್ತಿರಲಿಲ್ಲ. ಗಣಿಯವರ ಆರೋಗ್ಯ ತಪಾಸಣೆಗೆ ಬೇರೆಯೇ ನಿಯಮವಿತ್ತು. ಒಂದೇ ಮನೆಯ ಅಣ್ಣ ಗಣಿಯಲ್ಲಿ, ತಮ್ಮ ಪ್ಯಾಕಿಂಗಿನಲ್ಲಿ ದುಡಿದರೆ ಇಬ್ಬರ ದಾರಿಯೂ ಬೇರೆ ಬೇರೆಯಾಗಿರುತ್ತಿತ್ತು. ಇದನ್ನು ತಿಳಿದವರು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಖಂಡಿತ ಇದ್ದಾರೆ, ಗಾಡಿಯಲ್ಲಿ ಇಲ್ಲ.

ಕಲಬುರಗಿ ಜಿಲ್ಲೆಗೆ ಸಿಮೆಂಟು ಹೊಸದಲ್ಲ. ಹತ್ತು ಕಂಪನಿಗಳು ಕೂಡಿ 1936ರಲ್ಲಿ ಎಸಿಸಿ ಎಂಬ ದೊಡ್ಡ ಸಿಮೆಂಟ್ ಕಂಪನಿ ಆಗುವುದಕ್ಕೂ ಮೊದಲೇ ಶಹಾಬಾದಿನಲ್ಲಿ ಸಿಮೆಂಟ್ ತಯಾರಾಗುತ್ತಿತ್ತು. ವಾಡಿಯ ಕಾರ್ಖಾನೆ 1968ರದು. ಆಮೇಲೆ ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಗಳಲ್ಲಿ ಚಿಮಣಿಗಳು ಎದ್ದವು. ಹಳೆಯ ಮಾದರಿಯಲ್ಲಿ ಕಾರ್ಖಾನೆಯ ಕಾಲೊನಿಯೇ ಒಂದು ಊರು: ಕ್ವಾರ್ಟರ್ಸು, ಶಾಲೆ, ದವಾಖಾನೆ, ಆಟದ ಮೈದಾನ, ಎಲ್ಲವೂ ಕಾಯಂ ನೌಕರರಿಗೆ, ಗೋಡೆಯ ಒಳಗೆ. ಗೋಡೆಯ ಹೊರಗಿನವರಿಗೆ ಅಂದು ಗಾಡಿ ಬರುತ್ತಿರಲಿಲ್ಲ, ಆದರೆ ಒಳಗೆ ಹೋಗುವ ಕಾಯಂ ನೌಕರಿ ಇತ್ತು. ಈಗ ಹೊರಗಿನವರಿಗೆ ಗಾಡಿ ಬರುತ್ತದೆ, ಕಾಯಂ ನೌಕರಿ ಕಡಿಮೆಯಾಗಿದೆ. ಯಾವುದು ಮೇಲೆಂದು ಶಹಾಬಾದಿನ ಹಳಬರನ್ನು ಕೇಳಿದರೆ ಉತ್ತರಕ್ಕೆ ಅವರು ತಡಮಾಡುವುದಿಲ್ಲ.

ನೌಕರಿಯ ಪ್ರಶ್ನೆ ಈ ಭಾಗದಲ್ಲಿ ಎಲ್ಲ ಮಾತಿನ ಅಡಿಯಲ್ಲೂ ಇರುತ್ತದೆ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿದಾಗ ಸೇಡಂ ಆ ಪಟ್ಟಿಯಲ್ಲಿತ್ತು. ಅಂದರೆ ದೇಶಕ್ಕೆ ಸಿಮೆಂಟ್ ಕಳಿಸುವ ತಾಲ್ಲೂಕು ಹಿಂದುಳಿಯುವುದರಲ್ಲೂ ಮುಂದಿತ್ತು. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿಯಿಂದ ಸರ್ಕಾರಿ ಹುದ್ದೆಗಳಲ್ಲೂ ಶಿಕ್ಷಣದಲ್ಲೂ ನಮ್ಮ ಮಕ್ಕಳಿಗೆ ಮೀಸಲಾತಿ ಬಂತು. ಖಾಸಗಿ ಕಾರ್ಖಾನೆಯ ಗೇಟಿನೊಳಗೆ ಅದು ಹೋಗುವುದಿಲ್ಲ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಆಡಳಿತ ವರ್ಗದಲ್ಲಿ ಶೇಕಡಾ 50, ಉಳಿದ ಹುದ್ದೆಗಳಲ್ಲಿ ಶೇಕಡಾ 70 ಸ್ಥಳೀಯರಿಗೆ ಎಂಬ ಮಸೂದೆಯನ್ನು ಒಪ್ಪಿ, ಉದ್ಯಮಿಗಳ ವಿರೋಧ ಬಂದ ಕೂಡಲೇ ತಡೆಹಿಡಿಯಿತು. ಮಸೂದೆ ಬರಲಿ ಬಿಡಲಿ, ಐಟಿಐ ಮುಗಿಸಿದ ನಮ್ಮ ಹುಡುಗರಿಗೆ ಅಪ್ರೆಂಟಿಸ್ ಆಗಿ ಅವಕಾಶ ಕೊಡುವುದಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ. ಹೊಲಿಗೆ ಯಂತ್ರ ಕೊಂಡ ಹಣದಲ್ಲಿ ವೆಲ್ಡಿಂಗ್, ಎಲೆಕ್ಟ್ರಿಕಲ್ ಕೆಲಸವನ್ನು ಹುಡುಗಿಯರಿಗೂ ಕಲಿಸಬಹುದಿತ್ತು ಎಂಬುದು ನನ್ನ ಹಳೆಯ ತಕರಾರು.

ದೂಳಿನ ವಿಷಯವನ್ನು ಸೇವೆಯ ವಿಮರ್ಶೆಯಲ್ಲಿ ತರಬೇಕೇ ಎಂದು ಯೋಚಿಸಿದೆ. ತಾರದಿದ್ದರೆ ಉಳಿದ ಮಾತು ಪೊಳ್ಳಾಗುತ್ತದೆ. ಟಿಪ್ಪರುಗಳ ಮೇಲೆ ತಾಡಪತ್ರಿ ಹೊದಿಸುವುದು, ರಸ್ತೆಗೆ ನೀರು ಹೊಡೆಯುವುದು, ದೂಳು ಹಿಡಿಯುವ ಶೋಧಕಗಳನ್ನು ಹಗಲಿನಂತೆ ರಾತ್ರಿಯೂ ನಡೆಸುವುದು ಇವು ಸಾಮಾಜಿಕ ಸೇವೆಯಲ್ಲ, ಪರವಾನಗಿಯ ಷರತ್ತು. ರಸ್ತೆ ಬದಿಯ ತೊಗರಿ ಹೂವು ಬಿಡುವ ಹೊತ್ತಿಗೆ ಎಲೆಯ ಮೇಲೆ ಬೂದಿ ಬಣ್ಣ ಕೂತ ಹೊಲದ ರೈತನಿಗೆ, ಅವನ ತಾಯಿಗೆ ಸಿಕ್ಕ ಉಚಿತ ಮಾತ್ರೆಯನ್ನು ನೆನಪಿಸುವುದು ಲೆಕ್ಕ ತಪ್ಪಿಸುವ ಮಾತಾಗುತ್ತದೆ. ನಮ್ಮ ಊರಿನ ರಸ್ತೆಯಲ್ಲಿ ತಾಡಪತ್ರಿ ಅರ್ಧ ಲಾರಿಗಳ ಮೇಲೆ ಇರುತ್ತದೆ, ಟ್ಯಾಂಕರಿನ ನೀರು ಹೆಚ್ಚಾಗಿ ದೊಡ್ಡವರು ಬರುವ ದಿನ ಬೀಳುತ್ತದೆ.

ಇನ್ನು, ಹಣದ ಮೂಲ ಒಂದೇ ಅಲ್ಲ. 2015ರಲ್ಲಿ ಗಣಿ ಕಾಯ್ದೆಗೆ ಆದ ತಿದ್ದುಪಡಿಯಂತೆ ಜಿಲ್ಲಾ ಖನಿಜ ಪ್ರತಿಷ್ಠಾನ ಎಂಬ ನಿಧಿಯೂ ಇದೆ. ಸುಣ್ಣದ ಕಲ್ಲಿನ ಗಣಿಗಳು ಸರ್ಕಾರಕ್ಕೆ ಕಟ್ಟುವ ರಾಜಧನದ ಜೊತೆಗೆ, 2015ರ ಜನವರಿ 12ಕ್ಕೂ ಹಿಂದಿನ ಗುತ್ತಿಗೆಯಾದರೆ ಅದರ ಶೇಕಡಾ 30ರಷ್ಟನ್ನು, ಆಮೇಲಿನ ಹರಾಜಿನದಾದರೆ ಶೇಕಡಾ 10ರಷ್ಟನ್ನು ಈ ನಿಧಿಗೆ ಕೊಡುತ್ತವೆ. ಅದು ಗಣಿಯಿಂದ ಬಾಧಿತರಾದ ಊರುಗಳ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಮೊದಲು ಬಳಸಬೇಕಾದ ಹಣ. ಒಂದೇ ಊರಿನಲ್ಲಿ ಪಂಚಾಯತಿಯದೊಂದು ನೀರಿನ ಘಟಕ ಕೆಟ್ಟು ನಿಂತಿರುವಾಗ ಕಂಪನಿಯದು ಇನ್ನೊಂದು ಏಳುವುದಕ್ಕಿಂತ, ಎರಡೂ ಕಡೆಯವರು ಗ್ರಾಮಸಭೆಯಲ್ಲಿ ಒಟ್ಟಿಗೆ ಕೂತು ಯಾರು ಯಾವುದನ್ನು ಮಾಡುತ್ತಾರೆ ಎಂದು ಹೇಳುವುದು ಮೇಲು. ಈಗ ಕಂಪನಿಯ ಅಧಿಕಾರಿಗಳು ಗ್ರಾಮಸಭೆಗೆ ಬರುವುದಿಲ್ಲ. ಊರಿನ ನಾಲ್ಕು ಮುಖಂಡರ ಮನೆಗೆ ಬಂದು ಚಹಾ ಕುಡಿದು ಪಟ್ಟಿ ತಯಾರಿಸುತ್ತಾರೆ. ಸಮುದಾಯ ಭವನಕ್ಕೆ ಬಣ್ಣ ಬರುವುದೂ ಗಾಡಿಗೆ ಔಷಧ ಸಾಲದಿರುವುದೂ ಆ ಪಟ್ಟಿಯ ಮಹಿಮೆ. ಕಂಪನಿ ತನ್ನ ಯೋಜನೆಗಳ ವಿವರವನ್ನು ಜಾಲತಾಣದಲ್ಲಿ ಪ್ರಕಟಿಸಬೇಕು ಎಂಬ ನಿಯಮವನ್ನು ಪಾಲಿಸಿದೆ. ಆದರೆ ಅಲ್ಲಿರುವುದು ಇಂಗ್ಲಿಷಿನಲ್ಲಿ, ನಮ್ಮ ಊರು ಅದರಲ್ಲಿ ಜಿಲ್ಲೆಯ ಹೆಸರಿನೊಳಗೆ ಕರಗಿಹೋಗಿದೆ. ಈ ವರ್ಷ ಈ ಊರಿಗೆ ಇಷ್ಟು ಹಣ, ಇಂಥ ಕೆಲಸಕ್ಕೆ ಎಂದು ಪಂಚಾಯತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಯಿಸಲು ಒಬ್ಬ ಪೇಂಟರಿನ ಅರ್ಧ ದಿನದ ಕೂಲಿ ಸಾಕು.

ಈ ಗಾಡಿಯನ್ನು ಬಳಸುವವರಿಗೆ ಕೆಲವು ಸೂಚನೆಗಳು. ಸಕ್ಕರೆ ನೋಡುವ ಪಟ್ಟಿಗಳು ಬೇಗ ತೀರುವುದರಿಂದ ಹತ್ತೂವರೆಗೆ ಮೊದಲೇ ಹೋಗಿ ನಿಲ್ಲುವುದು ಒಳ್ಳೆಯದು. ಹಳೆಯ ಚೀಟಿಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಒಯ್ಯಿರಿ, ಗಾಡಿಯಲ್ಲಿ ಹಿಂದಿನ ದಾಖಲೆ ಹುಡುಕುವುದಕ್ಕೆ ಸಮಯ ಸಿಗುವುದಿಲ್ಲ. ಕೆಮ್ಮು ಎರಡು ವಾರ ದಾಟಿದ್ದರೆ ಸಿರಪ್ಪಿನೊಂದಿಗೆ ಮರಳದೆ, ಸೇಡಂ ತಾಲ್ಲೂಕು ಆಸ್ಪತ್ರೆಗೆ ಕಫ ಪರೀಕ್ಷೆಗೆಂದು ಚೀಟಿ ಬರೆಯಿಸಿಕೊಳ್ಳಿ. ಕೇಳಿದರೆ ವೈದ್ಯೆ ಬರೆದುಕೊಡುತ್ತಾರೆ. ಫೋಟೊ ಬೇಡವೆಂದರೆ ಒತ್ತಾಯ ಮಾಡುವುದಿಲ್ಲ, ಬಾಯಿಬಿಟ್ಟು ಹೇಳಬೇಕಷ್ಟೆ. ಮನೆಯಲ್ಲಿ ಯಾರಾದರೂ ಕಾರ್ಖಾನೆಯ ಗುತ್ತಿಗೆ ಕೆಲಸಕ್ಕೆ ಹೋಗುತ್ತಿದ್ದರೆ, ಸಂಬಳದ ಚೀಟಿಯಲ್ಲಿ ಇಎಸ್ಐ ಕಡಿತ ಇದೆಯೇ ಎಂದು ನೋಡಿ ವಿಮಾ ಸಂಖ್ಯೆಯನ್ನು ಗುತ್ತೇದಾರನಿಂದ ಬರೆಯಿಸಿಕೊಳ್ಳಿ. ಅವನು ಕೊಡದಿದ್ದರೆ ನಿಗಮದ ಉಚಿತ ಸಹಾಯವಾಣಿ 1800-11-2526ಕ್ಕೆ ಕರೆಮಾಡಿ ವಿಚಾರಿಸಿ.